ಬೆಂಕಿಹಕ್ಕಿ ಬಸ್ಸಿನ ಮೂರನೇ ಪದರ

"ಬಸ್ಸಿನ ಹಿಂದುಗಡೆ ಇರೋ ಆ ಹೆಂಗಸಿನ ಮುಖ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕಿತ್ತು ಹಾಕು ಮೋಳೇ," ಎಂದರು ಶೆಡ್ಡಿನ ಯಜಮಾನ ದಾಮುವೇಟ್ಟನ್, ಮಗಳನ್ನು ಕರೆದಂತೆ. "ಅದರ ಮೇಲೆ ಹಾಗೇ ಬಿಳಿ ಬಣ್ಣ ಹೊಡೆದುಬಿಡೋಣ."

ರೆಜೀನ ನಕ್ಕಳು. "ಸ್ಟಿಕರ್ ಮೇಲೆ ಬಣ್ಣ ಹೊಡೆದ್ರೆ ಮೊದಲನೇ ಬೇಸಿಗೆಗೇ ಗುಳ್ಳೆ ಏಳುತ್ತೆ. ಆಮೇಲೆ ಕೊಚ್ಚಿಯವಳ ಕೆಲಸ ನೋಡಿ ಅಂತ ಊರೆಲ್ಲ ಆಡಿಕೊಳ್ಳುತ್ತೆ."

"ಬಸ್ಸಿಗೆ ಗುಳ್ಳೆ ಎದ್ರೆ ಎದ್ದುಕೊಳ್ಳಲಿ. ನಿನ್ನ ಕೈಗೆ ಏಳದಿದ್ರೆ ಸಾಕು." ಮುದುಕ ದನಿ ತಗ್ಗಿಸಿದರು. "ಹೋದ ವರ್ಷ ಷೊರ್ಣೂರಿನವನೊಬ್ಬ ಅದಕ್ಕೆ ಕೈ ಹಾಕಿದ. ಅಂಗೈ ಚರ್ಮ ಗವಸಿನ ಥರ ಕಳಚಿ ಬಂತು. ಅದು ಬರೀ ಚಿತ್ರ ಅಲ್ಲ. ಮಂತ್ರವಾದಿ ಕೂತು ಅಂಟಿಸಿದ್ದು."

"ಅಂಟು ಕರಗಿಸೋ ಥಿನ್ನರನ್ನ ಬರಿಗೈಲಿ ಮುಟ್ಟಿರ್ತಾನೆ. ಅದಕ್ಕೆ ಮಾಟ ಬೇರೆ ಬೇಕಾ?"

ಪ್ರವಾಸಿ ಬಸ್ಸುಗಳೆಲ್ಲ ಇನ್ನು ಮುಂದೆ ಬೆಳ್ಳಗಿರಬೇಕೆಂಬ ಸರ್ಕಾರದ ಆಜ್ಞೆ ಬಂದಂದಿನಿಂದ ಕೇರಳದ ಒಟ್ಟಪ್ಪಾಲದ ಹೊಳೆದಂಡೆಯ ಆ ಶೆಡ್ಡಿಗೆ ಬಿಡುವಿರಲಿಲ್ಲ. ಮೂಲೆಯಲ್ಲಿ ಡ್ರ್ಯಾಗನ್ನುಗಳ ಬಾಲ, ಸಿನಿಮಾ ನಟರ ಕನ್ನಡಕ, ಜ್ವಾಲೆ, ಸಿಡಿಲು ಎಲ್ಲ ಹಾವಿನ ಪೊರೆಯಂತೆ ಸುರುಳಿ ಸುತ್ತಿ ಬಿದ್ದಿದ್ದವು. ಕೊಚ್ಚಿಯಲ್ಲಿ ಹದಿನಾಲ್ಕು ವರ್ಷ ವ್ಯಾನು, ದೋಣಿ, ಆಂಬುಲೆನ್ಸುಗಳ ಸ್ಟಿಕರು ಕಿತ್ತ ರೆಜೀನಳನ್ನು ದಾಮುವೇಟ್ಟನ್ ಮೂರು ವಾರದ ಹಿಂದಷ್ಟೇ ಕರೆಸಿಕೊಂಡಿದ್ದರು. ಎಷ್ಟು ಬಿಸಿ ಕೊಟ್ಟರೆ ಹಾಳೆ ಸಡಿಲಾಗುತ್ತದೆ, ಎಲ್ಲಿ ಹರಿಯುತ್ತದೆ, ಅಂಟು ಎಲ್ಲಿ ಉಳಿದುಕೊಂಡಿದೆ ಎಂಬುದು ಅವಳ ಬೆರಳ ತುದಿಗೆ ಗೊತ್ತಾಗುತ್ತಿತ್ತು. ಕಣ್ಣು ಕಟ್ಟಿದರೂ ಅವಳು ಕೀಳಬಲ್ಲಳು.

ಮಧ್ಯಾಹ್ನದ ಹೊತ್ತಿಗೆ ಬಸ್ಸಿನ ಎರಡೂ ಪಕ್ಕಕ್ಕೆ ಹರಡಿದ್ದ ಬೆಂಕಿಹಕ್ಕಿಯ ಎರಡು ರೆಕ್ಕೆಗಳೂ ನೆಲಕ್ಕಿಳಿದಿದ್ದವು. ಉಳಿದದ್ದು ಹಿಂದುಗಡೆಯ ಆ ಹೆಂಗಸಿನ ಮುಖ ಮಾತ್ರ. ಮೊರದಗಲದ ಕಪ್ಪು ಮುಖ, ಬಿಗಿದ ತುಟಿ. ಬಸ್ಸಿನ ಬೇರೆ ಚಿತ್ರಗಳೆಲ್ಲ ಬಿಸಿಲಿಗೆ ಮಾಸಿದ್ದವು. ಈ ತುಟಿಗಳು ಮಾತ್ರ ನಿನ್ನೆ ಅಂಟಿಸಿದಂತೆ ಹೊಳೆಯುತ್ತಿದ್ದವು. ಹತ್ತಿರ ಹೋದರೆ ವಿನೈಲ್ ಹಾಳೆಯ ವಾಸನೆಯಲ್ಲ, ಸುಟ್ಟ ಕೂದಲಿನ ವಾಸನೆ.

ಅಷ್ಟರಲ್ಲಿ ಬಸ್ಸಿನ ಮಾಲೀಕ ಸುಗುಣನ್ ಶೆಡ್ಡಿನ ಬಾಗಿಲ ಹೊರಗೆ ಕಾರು ನಿಲ್ಲಿಸಿ ಇಳಿದ. ಇಸ್ತ್ರಿ ಮಾಡಿದ ಬಿಳಿ ಮುಂಡು, ಹಣೆಯಲ್ಲಿ ಗಂಧ. ಕಾರಿನ ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ವಿಲಾಸಿನಿ ಕೂತಿದ್ದಳು. ಅವಳು ಇಳಿಯಲಿಲ್ಲ.

"ಹನ್ನೊಂದು ವರ್ಷದಿಂದ ಅವಳಿಗೆ ಮಾತಿಲ್ಲ," ಎಂದು ದಾಮುವೇಟ್ಟನ್ ಪಿಸುಗುಟ್ಟಿದರು. "ಪಾರ್ಶ್ವವಾಯು ಅಂತಾರೆ. ಹೋದಲ್ಲೆಲ್ಲ ಜೊತೆಗೇ ಕರಕೊಂಡು ಹೋಗ್ತಾನೆ. ಕೈಗೆ ಪೆನ್ನು ಕೊಡಲ್ಲ."

ಸುಗುಣನ್ ಬಸ್ಸಿನ ಹಿಂದೆ ಬಂದು ನಿಂತ. "ಇದನ್ನ ಮುಟ್ಟಬೇಡ ಅಂತ ಹೇಳಿದಾರೆ ತಾನೆ?"

"ಹೇಳಿದಾರೆ," ಎಂದಳು ರೆಜೀನ. ಮಾತಾಡುತ್ತಲೇ ಹಾಳೆ ಸಡಿಲಿಸುವ ಗನ್ನಿನ ಬಿಸಿಗಾಳಿಯನ್ನು ಚಿತ್ರದ ಎಡಗಣ್ಣಿಗೆ ಹಿಡಿದಳು. ಮೂಲೆಯನ್ನು ಉಗುರಲ್ಲಿ ಎತ್ತಿ ಬೆರಳಗಲ ಎಳೆದಳು. ಚರ್‍ರ್ ಎಂದಿತು.

ಕಾರಿನೊಳಗಿಂದ ಒಂದು ಸದ್ದು ಬಂತು.

ಗಂಟಲು ಹರಿದುಕೊಂಡು ಬಂದ, ಮಾತಾಗದ ಸದ್ದು. ರೆಜೀನ ಕೈ ನಿಲ್ಲಿಸಿದಳು. ಸದ್ದೂ ನಿಂತಿತು. ಇನ್ನೊಂದು ಬೆರಳಗಲ ಎಳೆದಳು. ವಿಲಾಸಿನಿ ಮತ್ತೆ ಕೂಗಿದಳು. ಕಿಟಕಿಯ ಗಾಜಿಗೆ ಎರಡೂ ಅಂಗೈ ಒತ್ತಿ ಅವಳು ರೆಜೀನಳನ್ನೇ ನೋಡುತ್ತಿದ್ದಳು. ಬೇಡ ಎನ್ನುವ ಕಣ್ಣಲ್ಲ ಅದು.

ಸುಗುಣನ ಮುಖ ಬೂದಿಯಾಯಿತು. "ಗನ್ ಕೆಳಗಿಡು. ಬಸ್ ಈಗಲೇ ಹೊರಡುತ್ತೆ."

"ಯಾಕೆ? ನಿಮ್ಮ ಹೆಂಡತಿಗೂ ಈ ಸ್ಟಿಕರಿಗೂ ಏನು ಸಂಬಂಧ?"

ಅವನು ಚಾಲಕನನ್ನು ಕರೆಯಲು ಹೊರಗೆ ಓಡಿದ. ರೆಜೀನ ಅವನ ಬೆನ್ನ ಹಿಂದೆಯೇ ಶೆಡ್ಡಿನ ಷಟರನ್ನು ಎಳೆದು ಒಳಗಿನಿಂದ ಚಿಲಕ ಹಾಕಿದಳು. ಸುಗುಣನ ಹಿಂದೆ ಹೋಗಿದ್ದ ದಾಮುವೇಟ್ಟನ್ ಹೊರಗೇ ಉಳಿದರು.

ನಡುಮಧ್ಯಾಹ್ನದಲ್ಲೂ ಒಳಗೆ ಕತ್ತಲೆ. ಸೂರಿನ ತಗಡಿನ ತೂತುಗಳಿಂದ ಬಿದ್ದ ಬೆಳಕಿನ ಚುಕ್ಕೆಗಳು ಒಂದೊಂದಾಗಿ ಆರಿದವು. ಸುಟ್ಟ ಕೂದಲಿನ ವಾಸನೆ ಮೂಗಿನೊಳಗೆ ಗಂಟು ಕಟ್ಟಿತು. ಅವಳು ಗವಸು ಬಿಗಿದುಕೊಂಡು ಕಣ್ಣನ್ನು ಪೂರ್ತಿ ಎಳೆದಳು. ಅದರ ಕೆಳಗೆ ಇನ್ನೊಂದು ಕಣ್ಣು. ಅದನ್ನೂ ಎಳೆದಳು. ಅದರ ಕೆಳಗೂ ಒಂದು. ಹೊರಗೆ ಷಟರಿನ ಮೇಲೆ ಗುದ್ದು ಬೀಳುತ್ತಿತ್ತು. ಅದಕ್ಕೂ ಮಿಗಿಲಾಗಿ ವಿಲಾಸಿನಿಯ ಕೂಗು ಕೇಳುತ್ತಿತ್ತು.

ಮೂರನೇ ಪದರಕ್ಕೆ ಕೈ ಇಟ್ಟಾಗ ಗವಸು ಕರಗಿ ಹೋಯಿತು. ಅವಳು ಗನ್ ಆರಿಸಿದಳು. ಆದರೂ ಬಸ್ಸಿನ ತಗಡು ಮತ್ತಷ್ಟು ಕಾಯಿತು. ಚಿತ್ರದ ತುಟಿಗಳು ಅವಳ ಅಂಗೈ ಅಡಿಯಲ್ಲಿ ಅಲುಗಿದವು. ಬಿಡು, ಎಂದಿತು ಯಾವುದೋ ದನಿ. ಕಿವಿಯ ಹತ್ತಿರವೇ. ಬಿಟ್ಟರೆ ಕೈ ಉಳಿಯುತ್ತೆ.

ಅಂಗೈ ನೋಡಿಕೊಂಡಳು. ಮಣಿಕಟ್ಟಿನ ಬಳಿ ಚರ್ಮದ ಅಂಚು ಎದ್ದಿತ್ತು. ನೀಟಾಗಿ. ಉಗುರಲ್ಲಿ ಎತ್ತಿದ ಸ್ಟಿಕರಿನ ಹಾಗೆ.

ಭಯವಾಯಿತು. ಅಮ್ಮನ ನೆನಪಾಯಿತು. ಆ ಭಯದೊಳಗಿನಿಂದಲೇ ಸಿಟ್ಟು ಉಕ್ಕಿ ಬಂತು. ಹನ್ನೊಂದು ವರ್ಷ ಒಬ್ಬಳ ಬಾಯನ್ನು ಬಸ್ಸಿನ ಬೆನ್ನಿಗೆ ಅಂಟಿಸಿ ಊರೂರು ಸುತ್ತಿದಾನೆ ಇವನು. ಮದುವೆ ದಿಬ್ಬಣಗಳನ್ನೂ ಶಾಲೆ ಮಕ್ಕಳನ್ನೂ ಇದರಲ್ಲೇ ಕೂರಿಸಿಕೊಂಡು.

"ನನ್ನ ಕೈ ಬೇಕಾ ನಿನಗೆ?" ಎಂದಳು ರೆಜೀನ ಆ ಮುಖಕ್ಕೆ. "ತಗೋ. ಆದ್ರೆ ಕೆಲಸ ಅರ್ಧಕ್ಕೆ ಬಿಟ್ಟು ಹೋಗೋಳಲ್ಲ ನಾನು."

ಎಳೆದಳು. ಹಾಳೆ ಬಂತು. ಚರ್ಮವೂ ಬಂತು. ಎರಡೂ ಒಂದೇ ಸದ್ದು ಮಾಡಿದವು. ಕೆಳಗೆ ಕಪ್ಪಾದ ಅಂಟು, ಅಂಟಿನಲ್ಲಿ ಉದ್ದ ಕೂದಲು. ಸೀಮೆಎಣ್ಣೆ ಸುರಿದಳು. ಹಸಿ ಮಾಂಸದ ಮೇಲೆ ಅದು ಬೆಂಕಿಯಂತೆ ಹರಿಯಿತು. ಅಲಗಿನಿಂದ ಕೆರೆದಳು. ತಾಮ್ರದ ತಗಡೊಂದು ಕಂಡಿತು. ಅದರ ಮೇಲೆ ಒಂದು ಹೆಸರು. ವಿಲಾಸಿನಿ. ಹೆಸರಿನ ನಡುವೆ ಒಂದು ಮೊಳೆ. ಬೆರಳು ಜಾರಿತು. ಮತ್ತೆ ಹಿಡಿದಳು. ಜಾರಿತು. ಬಗ್ಗಿ, ಹಲ್ಲಿನಿಂದ ಕಚ್ಚಿ, ಎಳೆದಳು.

ಮೊಳೆ ಬಂತು.

ಗುದ್ದು ನಿಂತಿತು. ಕೂಗು ನಿಂತಿತು. ಸೂರಿನ ತೂತುಗಳಲ್ಲಿ ಬಿಸಿಲು ಮರಳಿತು.

ಆಮೇಲೆ ಷಟರಿನ ಆಚೆಯಿಂದ ಒಬ್ಬ ಹೆಂಗಸಿನ ಮಾತು ಕೇಳಿಸಿತು. ತುಕ್ಕು ಹಿಡಿದಂಥ ದನಿ, ಆದರೆ ಒಂದೊಂದು ಅಕ್ಷರವೂ ಸ್ಪಷ್ಟ. "ದಾಮುವೇಟ್ಟಾ, ಪೊಲೀಸರನ್ನ ಕರೀರಿ. ನನ್ನ ತಂಗಿ ಬೊಂಬಾಯಿಗೆ ಓಡಿ ಹೋಗಲಿಲ್ಲ. ಇವನು ಕೊಂದ. ನಾನು ಕಣ್ಣಾರೆ ಕಂಡೆ. ಬಸ್ ನಿಲ್ಲಿಸೋ ಕೊಟ್ಟಿಗೆಯ ಸಿಮೆಂಟಿನಡಿ ಇದಾಳೆ."

ಸಂಜೆಯೊಳಗೆ ಆ ನೆಲ ಅಗೆದರು. ಅವಳು ಹೇಳಿದ ಜಾಗದಲ್ಲೇ ತಂಗಿಯ ಮೂಳೆಗಳು ಸಿಕ್ಕವು. ಸುಗುಣನನ್ನು ಜೀಪಿಗೆ ಹತ್ತಿಸುವಾಗ ಅವನು ವಿಲಾಸಿನಿಯ ಕಡೆ ತಿರುಗಿ ನೋಡಲಿಲ್ಲ. ಅವಳು ಮಾತ್ರ ಜೀಪು ಮರೆಯಾಗುವ ತನಕ ಮಾತಾಡುತ್ತಲೇ ಇದ್ದಳು.

ರೆಜೀನಳ ಕೈಗೆ ಹೊಸ ಚರ್ಮ ಬರಲು ಎರಡು ತಿಂಗಳು ಹಿಡಿಯಿತು. ಗೆರೆಯಿಲ್ಲದ, ನುಣುಪಾದ, ಮಗುವಿನಂಥ ಅಂಗೈ. ಬಿಸಿ ತಿಳಿಯದು, ತಂಪೂ ತಿಳಿಯದು. ಕುದಿಯುವ ಚಹಾದ ಲೋಟ ಹಿಡಿದು ಕೂತಿರುತ್ತಿದ್ದಳು, ಯಾರಾದರೂ ಕಿತ್ತುಕೊಳ್ಳುವ ತನಕ. ಕಣ್ಣು ಮುಚ್ಚಿದರೆ ಕೈಯಲ್ಲಿ ಏನಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಇನ್ನು ಈ ಕೆಲಸ ಸಾಧ್ಯವಿಲ್ಲ ಎಂದ ಡಾಕ್ಟರ ಮಾತಿಗೆ ಅವಳು ಹೂಂ ಅನ್ನಲಿಲ್ಲ.

ಒಂದು ಬೆಳಿಗ್ಗೆ ವಿಲಾಸಿನಿ ಶೆಡ್ಡಿಗೆ ಬಂದು ಅವಳ ಎದುರು ಕೂತು, ಆ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. ಹಿಡಿದದ್ದು ರೆಜೀನಳಿಗೆ ಕಂಡಿತು. ಅಷ್ಟೇ.

"ಆ ಮಂತ್ರವಾದಿ ಸತ್ತು ವರ್ಷಗಳಾದವು," ಎಂದಳು ವಿಲಾಸಿನಿ. "ಅವನು ಮಾಡಿಟ್ಟ ಮಾಟ ಸತ್ತಿಲ್ಲ. ಇನ್ನೂ ಮೂವರು ಮಾಲೀಕರಿಗೆ ಹೀಗೇ ಮಾಡಿಕೊಟ್ಟ. ನನ್ನೆದುರಲ್ಲೇ ಕೂತು ಮಾತಾಡ್ತಿದ್ರು, ಮೂಗಿ ತಾನೇ ಅಂತ. ಯಾವ್ಯಾವ ಬಸ್ಸು ಅಂತ ನನಗೆ ಗೊತ್ತು ಮೋಳೇ."

"ಬೇಡ," ಎಂದರು ದಾಮುವೇಟ್ಟನ್ ಬಾಗಿಲಲ್ಲಿ ನಿಂತು. "ಅವಳಿಗೆ ಹೇಳಬೇಡ."

ರೆಜೀನ ಕೈ ಬಿಡಿಸಿಕೊಂಡು ಎದ್ದಳು. ಬೆಂಚಿನ ಮೇಲಿದ್ದ ಅಲಗನ್ನು ಎತ್ತಿಕೊಂಡಳು. ಅದು ಬೆರಳುಗಳ ಸಂದಿಯಿಂದ ಜಾರಿ ಬಿತ್ತು. ಬಗ್ಗಿ ತೆಗೆದುಕೊಂಡು ಅಂಗೈಗಿಟ್ಟು, ಬಟ್ಟೆಯ ಪಟ್ಟಿಯೊಂದನ್ನು ಹಲ್ಲಿನಿಂದ ಬಿಗಿಯುತ್ತ ಮಣಿಕಟ್ಟಿಗೆ ಸುತ್ತಿಕೊಂಡಳು.

"ಬಸ್ಸುಗಳ ಹೆಸರು ಹೇಳಿ ಚೇಚಿ," ಎಂದಳು.