ಬಾಳೆಬುಡದ ಕೂಸು

"ಆ ಬಾಳೆಗೆ ಮಾತ್ರ ಕತ್ತಿ ತಾಗಿಸ್ಬೇಡ ಕಣೇ. ನಿನ್ನ ಮಗನ ಒಡಹುಟ್ಟು ಅದರ ಬುಡದಲ್ಲಿ ಮಲಗಿದೆ," ಎಂದಳು ಅತ್ತೆ ನಬವೇಸಿ.

ನನ್ಸಿಕೊಂಬಿ ನಕ್ಕಳು. ಹೆತ್ತ ಮೇಲೆ ಅವಳು ನಕ್ಕಿದ್ದೇ ಅದು ಮೊದಲು.

"ನೀವು ಹೂತಿದ್ದು ಹೆರಿಗೆಯ ಮಾಸು ಅತ್ತೆ, ಮಗು ಅಲ್ಲ. ಕಂಪಾಲಾದ ಆಸ್ಪತ್ರೇಲಿ ಅದನ್ನ ಬಕೆಟ್ಟಿಗೆ ಎಸೀತಾರೆ."

"ಎಸೀಲಿ. ಇಲ್ಲಿ ಮಂತ್ರವಾದಿ ಅದನ್ನ ಮರದ ತೊಗಟೆ ಬಡಿದು ಮಾಡಿದ ಬಟ್ಟೇಲಿ ಸುತ್ತಿ, ಕಟ್ಟು ಹಾಕಿ ಮಲಗಿಸಿದ್ದಾನೆ. ಆ ಗೊನೆ ಉಣ್ಣೋ ಹಕ್ಕು ಕೂಸಿನ ಅಪ್ಪನ ತಾಯಿಗೆ, ಅಂದ್ರೆ ನನಗೆ ಮಾತ್ರ. ಹೆತ್ತವಳು ಉಂಡರೆ ಅದು ಹಸಿದು ಏಳುತ್ತೆ."

ಕಂಪಾಲಾದಲ್ಲಿ ಪಾಠ ಹೇಳುತ್ತಿದ್ದ ನನ್ಸಿಕೊಂಬಿ ಹೆರಿಗೆಗೆಂದು ಮಸಾಕಾ ಊರಿನ ಗಂಡನ ಮನೆಗೆ ಬಂದು ಸಿಕ್ಕಿಬಿದ್ದಿದ್ದಳು. ಹೊಲಿಗೆ ಇನ್ನೂ ಉರಿಯುತ್ತಿತ್ತು. ಎದೆ ಕಲ್ಲಾಗಿತ್ತು, ಹಾಲಿಲ್ಲ. ಕೂಸು ಅತ್ತು ಅತ್ತು ನೀಲಿಗಟ್ಟುತ್ತಿತ್ತು. ಗಂಡ ಸ್ಸೆಮ್ವಂಗಾ ಹೆಂಡದ ಹುಳಿನಾತ ಹೊತ್ತು ಬಂದು ಬಾಗಿಲಲ್ಲೇ ನಿಂತು ಗೊಣಗುತ್ತಿದ್ದ: "ನಮ್ಮವ್ವ ಹೆತ್ತ ಮಾರನೇ ದಿನ ಗುದ್ದಲಿ ಹಿಡಿದಿದ್ದಳು. ನಿಂದೇನು ಅರಮನೆ ಬಾಣಂತನಾನಾ?"

ಆ ಮಾತು ಚುಚ್ಚಿದ ಮಧ್ಯಾಹ್ನವೇ, ಅತ್ತೆ ನೀರಿಗೆ ಹೋದಾಗ, ಅವಳು ಕತ್ತಿ ಹಿಡಿದು ಹಿತ್ತಲಿಗೆ ನಡೆದಳು. ಯಾರ ಮೇಲಿನ ಸಿಟ್ಟೋ, ಬಾಳೆ ಒಂದೇ ಏಟಿಗೆ ಉರುಳಿತು. ಕಡಿದಲ್ಲಿ ಬೆಚ್ಚಗಿನದೇನೋ ಒಸರಿತು. ಬಾಳೆಯ ಸೊನೆ ಎಂದುಕೊಂಡು ಕೈಯನ್ನು ಉಡುಪಿಗೆ ಒರೆಸಿದಳು. ಕಾಯಿ ಸುಲಿದು, ಎಲೆಯಲ್ಲಿ ಸುತ್ತಿ ಬೇಯಿಸಿದಳು. ಹಬೆಯಲ್ಲಿ ಹೆರಿಗೆಕೋಣೆಯ ವಾಸನೆ. ಆದರೂ ಹಟಕ್ಕೆ ಬಿದ್ದು ಬಾಯ್ತುಂಬ ತಿಂದಳು.

ಎದೆ ತುಂಬಿ ಹಾಲು ಸುರಿಯಿತು. ಕಣ್ಣೀರು ಬಂತು. ಕೂಸನ್ನೆತ್ತಲು ಬಾಗಿದಳು.

ಅಷ್ಟರಲ್ಲಿ ಯಾವುದೋ ಬಾಯಿ ಮೊಲೆ ಕಚ್ಚಿತು.

ಕಣ್ಣಿಗೆ ಏನೂ ಕಾಣದು. ತಣ್ಣನೆಯ ಬಾಯಿ. ಮಣ್ಣು ಮೆತ್ತಿದ ತುಟಿ. ಹಲ್ಲು. ಬಾಗಿಲ ಬಿಸಿಲು ಕಪ್ಪಿಟ್ಟಿತು. ಗುಟುಕು ಗುಟುಕಾಗಿ ಹೀರುತ್ತ, ಅದು ಅವಳ ಎದೆಗೂಡಿನೊಳಗಿಂದಲೇ ಮಾತಾಡಿತು.

"ಅವನು ಯಾಕವ್ವಾ? ನಾನಿದ್ದೀನಲ್ಲ."

ಕೈ ಕತ್ತಿಯತ್ತ ಚಾಚಿತು. ಬೇಡ, ಬೇಡ ಎಂದಳು. ಕೈ ಕೇಳಲಿಲ್ಲ. ಕೂಸಿನ ಆ ಅಳು ಒಮ್ಮೆ ನಿಂತರೆ ಸಾಕು ಎಂದು ಮನಸ್ಸಿನ ಯಾವುದೋ ಮೂಲೆಯೂ ಕೈಯ ಜೊತೆ ಸೇರಿಕೊಂಡಿತು. ಅವಳಿಗೆ ಎಲ್ಲಕ್ಕಿಂತ ಭಯವಾದದ್ದು ಅದಕ್ಕೇ.

ಕತ್ತಿ ಮೇಲೆದ್ದಿತು.

"ಲೇ, ಹುಚ್ಚೀ!" ಸ್ಸೆಮ್ವಂಗಾ ಒಳನುಗ್ಗಿ ಕೂಸಿನ ಮೇಲೆ ಅಡ್ಡಬಿದ್ದ. ಕತ್ತಿ ಇಳಿಯಿತು. ಅವನ ಎಡಗೈ ಮಣಿಕಟ್ಟಿನಿಂದ ಹಾರಿ ಚಾಪೆಯ ಮೇಲೆ ಬಿತ್ತು. ಬೆರಳುಗಳು ಇನ್ನೂ ಮಿಸುಕುತ್ತಿದ್ದವು. ಗೋಡೆಗೆಲ್ಲ ರಕ್ತ. ಕತ್ತಿ ಮತ್ತೆ ಎದ್ದಿತು.

ನಬವೇಸಿ ಹಿಂದಿನಿಂದ ಬಂದು ಸೊಸೆಯನ್ನು ತಬ್ಬಿ ಕೆಡವಿದಳು. ತನ್ನ ಉಡುಪಿನ ಎದೆ ಹರಿದುಕೊಂಡಳು.

"ಬಾರೋ, ನನ್ನಪ್ಪಾ. ಹಕ್ಕಿರೋಳು ನಾನು. ಇಲ್ಲಿ ಬಾ, ಕುಡಿ."

ಸೊಸೆಯ ಎದೆ ಹಗುರಾಯಿತು. ಮುದುಕಿಯ ಎದೆ ಬಾಡಿತು. ಕೆನ್ನೆ ಗುಳಿಬಿತ್ತು. ಚರ್ಮ ಮೂಳೆಗಂಟಿತು. ಹೀರುವ ಸದ್ದು ನಿಲ್ಲಲಿಲ್ಲ. ಅವಳು ತೆವಳುತ್ತ, ಅದನ್ನು ಎದೆಗವಚಿಕೊಂಡೇ ತೆವಳುತ್ತ ಹಿತ್ತಲು ಮುಟ್ಟಿ, ಬಾಳೆಬುಡದ ಮೇಲೆ ಬೋರಲು ಬಿದ್ದಳು. ಅವಳನ್ನು ಅಲ್ಲೇ ಹೂತರು.

ಕೂಸು ಬದುಕಿತು. ಈಗ ಅದಕ್ಕೆ ಹಸಿವಾದರೆ ಸ್ಸೆಮ್ವಂಗಾ ಎಲ್ಲಿದ್ದರೂ ಓಡಿಬರುತ್ತಾನೆ. ಅದನ್ನು ನನ್ಸಿಕೊಂಬಿಯ ಮಡಿಲಲ್ಲಿ ಮಲಗಿಸಿ, ಉಳಿದ ಕೈಯಿಂದ ಅವಳ ಎರಡೂ ಮಣಿಕಟ್ಟು ಒತ್ತಿ ಹಿಡಿದು ಕೂರುತ್ತಾನೆ.

"ನೋವಾಗ್ತಿದೆಯಾ?" ಎನ್ನುತ್ತಾನೆ.

"ಇನ್ನೂ ಬಿಗಿಯಾಗಿ ಹಿಡಿ," ಎನ್ನುತ್ತಾಳೆ ಅವಳು.