ಅರ್ಧ ನಿಮಿಷದ ಚೂಡಾಮಣಿ

ನಾಲ್ಕೇ ನಿಮಿಷದ ಫಿಲಮ್ ರೀಲು. ಅಕ್ಕ ಜಯದೇವಿಯ ಆರತಕ್ಷತೆಯಲ್ಲಿ ಯಾರ್‍ಯಾರನ್ನು ತೆಗೆಯಬೇಕೆಂದು ದೊಡ್ಡಪ್ಪ ಕರಿಬಸವಯ್ಯ ಲಗ್ನಪತ್ರಿಕೆಯ ಹಿಂಬದಿಯಲ್ಲೇ ಪಟ್ಟಿ ಬರೆದಿದ್ದರು. ಹಾರ, ಬೀಗರು, ತಮ್ಮ ಆಫೀಸಿನ ಸಾಹೇಬರು. ಕೊನೆಯ ಸಾಲು: ‘ಚೂಡಾಮಣಿ, ಅರ್ಧ ನಿಮಿಷ, ಕಾಫಿ ತಟ್ಟೆಯೊಂದಿಗೆ.’

ಆ ಚೂಡಾಮಣಿ ನಾನೇ. ಅದು ಅರವತ್ನಾಲ್ಕನೇ ಇಸವಿ. ನನಗೆಂದು ನೋಡಿದ್ದ, ಭಿಲಾಯಿಯ ಉಕ್ಕಿನ ಕಾರ್ಖಾನೆಯಲ್ಲಿದ್ದ ಇಂಜಿನಿಯರ್ ವರನಿಗೆ ರಜೆ ಸಿಕ್ಕಿರಲಿಲ್ಲ. ಹೆಣ್ಣು ನೋಡುವ ಶಾಸ್ತ್ರವನ್ನು ಫಿಲಮ್ಮಿನಲ್ಲೇ ಮುಗಿಸುವ ಹೊಸ ಫ್ಯಾಷನ್ ದೊಡ್ಡಪ್ಪನದು. ಅವರ ಮಾತಿಗೆ ನಮ್ಮ ಮನೆಯಲ್ಲಿ ಎದುರಾಡಿದವರಿಲ್ಲ. ಅಪ್ಪ ಕೂಡ ಎದುರಾಡಿದ್ದಿಲ್ಲ.

ತೆಗೆಯಲು ಬಂದವನು ರಾಮಪ್ರಸಾದ, ಜಯನಗರದ ನಮ್ಮ ಬೀದಿಯ ಕೊನೆಯಲ್ಲಿದ್ದ ಸ್ಟುಡಿಯೋದವನು. ಎರಡು ವರ್ಷದಿಂದ ನಾನು ಕಾಲೇಜಿಗೆ ಹೊರಟಾಗಲೆಲ್ಲ ಅವನಿಗೆ ಶೋಕೇಸಿನ ಗಾಜು ಒರೆಸುವ ಕೆಲಸ ಬೀಳುತ್ತಿತ್ತು. ಅಷ್ಟು ಶುಭ್ರವಾದ ಗಾಜು ಬೆಂಗಳೂರಿನಲ್ಲಿ ಇನ್ನೆಲ್ಲೂ ಇರಲಿಲ್ಲ. ಆದರೂ ಇಬ್ಬರೂ ಬಾಯಿಬಿಟ್ಟಿರಲಿಲ್ಲ.

ಬಿಸಿಲು ಇಳಿಯುವ ಮೊದಲೇ ನನ್ನನ್ನು ಶಾಮಿಯಾನದ ಅಂಚಿಗೆ ತಂದು ನಿಲ್ಲಿಸಿದರು. ಒಂದು ಕಡೆ ದೊಡ್ಡಪ್ಪ, ಇನ್ನೊಂದು ಕಡೆ ಅಮ್ಮ. ಕೈಯಲ್ಲಿ ಕಾಫಿ ತಟ್ಟೆ. ಓಡಿಹೋಗೋಣವೆಂದರೆ ದಾರಿಯೇ ಇರಲಿಲ್ಲ.

ರಾಮಪ್ರಸಾದ ಹತ್ತಿರ ಬಂದಾಗ, ಓಲಗದ ಸದ್ದಿನ ಮರೆಯಲ್ಲಿ, “ಕೆಟ್ಟದಾಗಿ ತೆಗೀರಿ,” ಎಂದು ಪಿಸುಗುಟ್ಟಿದೆ.

“ನಿಮ್ಮನ್ನಾ? ನನ್ನ ಕೈಲಾಗಲ್ಲ ರೀ.”

“ಹಾಗಾದ್ರೆ ನನ್ನ ಭಿಲಾಯಿಗೆ ಕಳಿಸ್ಬಿಡ್ತೀರಾ?”

ಅವನ ಮುಖ ಬಾಡಿತು. “ನಾನು ತೆಗೀದಿದ್ರೆ ನಾಳೆ ಇನ್ನೊಬ್ಬ ಬರ್ತಾನೆ,” ಎಂದ. “ಕ್ಯಾಮೆರಾ ನೋಡ್ಬೇಡಿ. ತಟ್ಟೆ ನೋಡಿ, ಮುಖ ಸರಿಯಾಗಿ ಕಾಣಲ್ಲ.”

ಕ್ಯಾಮೆರಾ ಕಿರ್‍ರೆಂದಿತು. ನಾನು ತಟ್ಟೆಯನ್ನೂ ನೋಡಲಿಲ್ಲ, ಕ್ಯಾಮೆರಾವನ್ನೂ ನೋಡಲಿಲ್ಲ. ಅದರ ಪಕ್ಕದಲ್ಲಿ ತೆರೆದೇ ಇದ್ದ ಅವನ ಇನ್ನೊಂದು ಕಣ್ಣನ್ನು ನೋಡಿದೆ. ನನ್ನ ಪಾಲಿಗೆ ಇದೊಂದೇ ಅರ್ಧ ನಿಮಿಷ ಅನ್ನಿಸಿತು. ಆದರೂ ನಗು ಬಂತು.

ತಿಂಗಳಾದ ಮೇಲೆ ನಮ್ಮ ನಡುಮನೆಯ ಗೋಡೆಗೆ ಬಿಳಿ ಪಂಚೆ ತೂಗುಹಾಕಿ ಅವನೇ ಪ್ರೊಜೆಕ್ಟರ್ ಹಾಕಿದ. ಹಾರ ಬಂತು, ಸಾಹೇಬರು ಬಂದರು, ಕೊನೆಗೆ ನಾನು. ಪಂಚೆಯ ತುಂಬ ನನ್ನದೇ ಮುಖ, ನನ್ನದೇ ನಗು. ನಾಚಿಕೆಯಾಗಿ ತಲೆ ತಗ್ಗಿಸಿದೆ.

“ಭೇಷ್! ನಾಳೇನೇ ಪೋಸ್ಟ್ ಮಾಡೋಣ,” ಎಂದರು ದೊಡ್ಡಪ್ಪ.

“ಇನ್ನೊಂದ್ಸಲ ಹಾಕಪ್ಪ,” ಎಂದರು ಅಪ್ಪ. ಮತ್ತೆ ನೋಡಿದರು. ಆಮೇಲೆ ಪಂಚೆಯಿಂದ ಕಣ್ಣು ತೆಗೆದು, ಪ್ರೊಜೆಕ್ಟರಿನ ಹಿಂದೆ ನಿಂತಿದ್ದವನ ಕಡೆ ತಿರುಗಿದರು.

“ಇದನ್ನ ಕಳಿಸೋಕಾಗಲ್ಲ ಅಣ್ಣ. ಹುಡುಗಿ ಯಾರನ್ನ ನೋಡ್ತಿದಾಳೆ ಅಂತ ಭಿಲಾಯಿಯವ್ರಿಗೂ ಗೊತ್ತಾಗತ್ತೆ.”

ಅಪ್ಪ ದೊಡ್ಡಪ್ಪನಿಗೆ ಎದುರಾಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ದೊಡ್ಡಪ್ಪ ಪಂಚೆಯನ್ನೊಮ್ಮೆ, ರಾಮಪ್ರಸಾದನನ್ನೊಮ್ಮೆ ನೋಡಿದರು. ರೀಲು ಮುಗಿದು ಪಟಪಟ ಬಡಿಯುತ್ತಿತ್ತು. ರಾಮಪ್ರಸಾದ ನಿಲ್ಲಿಸಲು ಮರೆತು ನನ್ನನ್ನೇ ನೋಡುತ್ತಿದ್ದ.

“ಮೊದ್ಲು ಅದನ್ನ ಆರಿಸಪ್ಪ,” ಎಂದರು ಅಪ್ಪ. “ಭಾನುವಾರ ನಿಮ್ಮ ತಂದೇನ ಕರ್ಕೊಂಡು ಬಾ.”