ಬೆರಕೆ ಪೈರು

ಕರ್ಕಟಕ ತಿಂಗಳ ಆ ಬೆಳಗ್ಗೆ ಮಳೆ ಹೊಳವಾಗಿತ್ತು. ಕೊಳವಳ್ಳಿಯ ವಯಲಿನ ಗದ್ದೆಸಾಲಿನ ಮೇಲೆ ಎಳೆಬಿಸಿಲು. ವಾರವಿಡೀ ಗದ್ದೆಗಳನ್ನು ಮುಳುಗಿಸಿದ್ದ ಕಬಿನಿ ಏನೂ ಅರಿಯದವಳ ಹಾಗೆ ಇಳಿದುಹೋಗಿದ್ದಳು.

ಶ್ಯಾಮಳ ಬದುವಿನ ಮೇಲೆ ನಿಂತಿದ್ದಳು. ತಲೆ ಬಾಚಿದ ಹಾಗೆ ಸಾಲಾಗಿ ನೆಟ್ಟಿದ್ದ ಅವಳ ಗಂಧಕಶಾಲ ಭತ್ತ ಪೂರಾ ಕೊಳೆತು ನಾರುತ್ತಿತ್ತು. ಮತ್ತೆ ನೆಡಲು ಸಸಿ ಸಿಗದಿದ್ದರೆ ಈ ವರ್ಷ ಮನೆಗೆ ಕೊಂಡ ಅಕ್ಕಿಯೇ ಗತಿ.

ಪಕ್ಕದ ಗದ್ದೆಯಲ್ಲಿ ಮಾತ್ರ ಅಲ್ಲಲ್ಲಿ ಹಸಿರು! ಅದು ಗುರುಮೂರ್ತಿಯದು.

ಹೋದ ಬೇಸಿಗೆ ಅವನ ಮನೆಯವರು ಹೆಣ್ಣು ಕೇಳಲು ಬಂದಾಗ ಶ್ಯಾಮಳ ಎಲ್ಲರೆದುರೇ ನಕ್ಕಿದ್ದಳು. ಗದ್ದೆಯಲ್ಲಿ ಬೆರೆತ ಬೇರೆ ತಳಿಯ ಬೆರಕೆ ಪೈರು ಕೀಳಲು ಬೆನ್ನು ಬಗ್ಗದವನಿಗೆ ಹೆಂಡತಿ ಬೇರೆ ಕೇಡು ಎಂದಿದ್ದಳು.

ಈಗ ಅವನೇ ಹೊರೆ ಹೊತ್ತು ಬದುವಿನ ಮೇಲೆ ಬರುತ್ತಿದ್ದ. ಅಣಕಿಸೋಕೆ ಬಂದ... ಎಂದುಕೊಂಡಳು.

"ನಗೋದಿದ್ರೆ ಬೇಗ ನಕ್ಕು ಹೋಗಿ."

ಅವನು ಹೊರೆ ಇಳಿಸಿದ. ತನ್ನ ಗದ್ದೆಯಲ್ಲಿ ಉಳಿದಿದ್ದ ಬುಡಗಳನ್ನು ಕಿತ್ತು, ಸೀಳಿ ಸಸಿ ಮಾಡಿ ತಂದಿದ್ದ. ವೆಳಿಯನ್ ಭತ್ತ, ನೆರೆಯಲ್ಲೂ ಉಸಿರು ಹಿಡಿದು ಬದುಕುವ ತಳಿ.

"ಓಹೋ, ನೆರೆ ಬರುತ್ತೆ ಅಂತ ಮೊದಲೇ ಈ ತಳಿ ಬೆರೆಸಿ ಬಿತ್ತಿದ್ರಾ? ಬುದ್ಧಿವಂತಿಕೆ!"

"ಬುದ್ಧಿ ಎಲ್ಲಿಂದ ಬರ್ಬೇಕು? ಎರಡು ಕುಕ್ಕೆಯ ಬಿತ್ತನೆ ಭತ್ತ ಬೆರೆತುಹೋಯ್ತು, ಆರಿಸೋಕೆ ಸೋಮಾರಿತನ. ನೀನಂದದ್ದು ನಿಜವೇ. ಉಳಿಸಿದ್ದು ದೇವರು."

ಜಂಭ ಕೊಚ್ಚಿದ್ದರೆ ತಿರಸ್ಕರಿಸುವುದು ಸುಲಭವಿತ್ತು. ಹೊರೆ ಕಟ್ಟಲೂ ಅವನಿಗೆ ಬರುವುದಿಲ್ಲವೆಂದು ಗೊಣಗುತ್ತಲೇ ಶ್ಯಾಮಳ ಸಸಿ ತೆಗೆದುಕೊಂಡಳು.

ಆ ಎರಡು ಮನೆಗಳ ನಡುವೆ ಹಿಂದಿನಿಂದಲೂ ಪೈರಿಗೆ ಬೆಲೆ ಕಟ್ಟುತ್ತಿರಲಿಲ್ಲ. ಪಡೆದವರು ಸುಗ್ಗಿಗೆ ಬಿತ್ತನೆ ಭತ್ತ ಮರಳಿಸಬೇಕು; ಅಲ್ಲಿಯವರೆಗೆ ಕೊಟ್ಟವರಿಗೆ ಆ ಗದ್ದೆಗಿಳಿದು ನೋಡುವ ಹಕ್ಕು. ಗುರುಮೂರ್ತಿ ಆ ಹಕ್ಕನ್ನು ಒಂದು ದಿನವೂ ಬಿಡಲಿಲ್ಲ. ಅವನು ಕಳೆ ಬಿಟ್ಟು ಪೈರು ಕಿತ್ತರೆ ಎಮ್ಮೆಯೇ ವಾಸಿ ಎಂದು ಅವಳು ಬಯ್ಯುವಳು. ಅವನು ಬಾರದೆ ತಡವಾದರೆ ದಾರಿ ನೋಡುವಳು; ನೋಡಿದ್ದಕ್ಕೆ ತನ್ನನ್ನೇ ಬಯ್ದುಕೊಳ್ಳುವಳು.

ಸುಗ್ಗಿಯಾಯಿತು. ಶ್ಯಾಮಳ ಭತ್ತದ ಕುಕ್ಕೆ ಹೊತ್ತು ಅವನ ಅಂಗಳಕ್ಕೆ ಬಂದಾಗ ಗುರುಮೂರ್ತಿಯ ಮುಖ ಬಾಡಿತು.

"ಇಷ್ಟು ಬೇಗ ತರಬೇಕಿತ್ತಾ? ಇನ್ನು ನಿನ್ನ ಗದ್ದೆಗೆ ನಾನು ಕಾಲಿಡೋ ಹಾಗಿಲ್ಲ."

"ನಿಮ್ಮಂಥ ಕೆಲಸಗೇಡಿಯನ್ನ ನಾನು ಕಂಡಿಲ್ಲ" ಎಂದಳು. ದನಿ ಮಾತ್ರ ಒದ್ದೆಯಾಗಿತ್ತು. "ಆದ್ರೂ... ನೀವಿಲ್ಲದ ಗದ್ದೆ ನೋಡೋಕಾಗಲ್ಲ. ಅಪ್ಪನ್ನ ಇನ್ನೊಂದ್ಸಲ ಬಂದು ಕೇಳಿ."

"ನೀನು ಮತ್ತೆ ನಕ್ಕರೆ?"

"ಒಳಗೆ ಹೋಗಿ ನಗ್ತೀನಿ. ಸಂತೋಷಕ್ಕೆ."

ಅವಳು ಅವನ ಖಾಲಿ ಕುಕ್ಕೆಗೆ ಭತ್ತ ಸುರಿದು, ಅಂಚಿಗಂಟಿದ ಕಾಳನ್ನೂ ಬೆರಳಿಂದ ಸವರಿ ಹಾಕಿದಳು.